ರಷ್ಯಾದ ಸಂಶೋಧನಾ ವಿದ್ಯಾರ್ಥಿಗಳ ಇಂಗ್ಲಿಷ್ ಅನುವಾದ ಪರೀಕ್ಷೆ: ಗೊತ್ತಿರುವವರು ಬನ್ನಿ, ಮಾತಾಡೋಣ

ಅಕ್ಷರಪ್ರಿಯ, ಹುಬ್ಬಳ್ಳಿ

ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿಯಿಂದ ಆನ್‌ಲೈನ್‌ನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಸದ್ಯ ನನ್ನ ಹತ್ತಿರ ಕಲಿಯುತ್ತಿರುವವರಲ್ಲಿ ರಷ್ಯಾದ ಸಂಶೋಧನಾ ವಿದ್ಯಾರ್ಥಿಗಳೇ ಜಾಸ್ತಿ. ಸಮಾಜಶಾಸ್ತ್ರ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರದವರು. ಅವರೆಲ್ಲರೂ ಒಂದು ಪರೀಕ್ಷೆ ದಾಟಬೇಕು. ಅದರ ಬಗ್ಗೆ ಕನ್ನಡದಲ್ಲಿ ಯಾರೂ ಬರೆದಿದ್ದು ನನ್ನ ಕಣ್ಣಿಗೆ ಬಿದ್ದಿಲ್ಲ, ಅದಕ್ಕೇ ಈ ಚರ್ಚೆ ಶುರು ಮಾಡುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ನಮ್ಮ ಪಿಎಚ್‌ಡಿಗೆ ಸಮ ಅನ್ನಬಹುದಾದ ಪದವಿಗೆ ಅಲ್ಲಿ 'ಕಂದಿದಾತ್ ನಾಊಕ್' ಅನ್ನುತ್ತಾರೆ. ಅದಕ್ಕೆ ಓದುವ ವ್ಯವಸ್ಥೆಗೆ 'ಅಸ್ಪಿರಾಂತೂರಾ' ಅಂತ ಹೆಸರು. ಪ್ರಬಂಧ ಒಪ್ಪಿಸುವ ಮೊದಲು ಮೂರು ಪರೀಕ್ಷೆ ಪಾಸಾಗಬೇಕು. ಒಂದು ವಿಜ್ಞಾನದ ಇತಿಹಾಸ ಮತ್ತು ತತ್ವಶಾಸ್ತ್ರ, ಇನ್ನೊಂದು ವಿದೇಶಿ ಭಾಷೆ, ಮತ್ತೊಂದು ಅವರವರ ವಿಷಯ. ಮೂರೂ ಸೇರಿದರೆ 'ಕಂದಿದಾತ್ಸ್ಕಿ ಮಿನಿಮುಮ್'. ವಿದೇಶಿ ಭಾಷೆ ಅಂದರೆ ಜರ್ಮನ್ನೋ ಫ್ರೆಂಚೋ ಕೂಡ ಆಗಬಹುದು, ಆದರೆ ಹೆಚ್ಚಿನವರು ತಗೊಳ್ಳುವುದು ಇಂಗ್ಲಿಷ್.

ಭಾಷೆಯ ಪರೀಕ್ಷೆಗೆ 2007ರಲ್ಲಿ ಅಲ್ಲಿನ ಶಿಕ್ಷಣ ಸಚಿವಾಲಯ ಒಂದು ಮಾದರಿ ಪಠ್ಯಕ್ರಮ ಕೊಟ್ಟಿತು. ಈಗಲೂ ಬಹಳಷ್ಟು ವಿಶ್ವವಿದ್ಯಾಲಯಗಳು ಅದನ್ನೇ ಆಧಾರ ಮಾಡಿಕೊಂಡಿವೆ. ಅದರ ಪ್ರಕಾರ ಪರೀಕ್ಷೆ ಎರಡು ಹಂತದ್ದು. ಮೊದಲ ಹಂತದಲ್ಲಿ ತಮ್ಮ ವಿಷಯಕ್ಕೆ ಸೇರಿದ ಇಂಗ್ಲಿಷ್ ಬರಹವೊಂದನ್ನು ರಷ್ಯನ್‌ಗೆ ಅನುವಾದ ಮಾಡಿ ಒಪ್ಪಿಸಬೇಕು, 15,000 ಅಕ್ಷರದಷ್ಟು. ಪದಗಳ ನಡುವಿನ ಜಾಗ, ಚುಕ್ಕೆ, ಕಾಮಾ ಎಲ್ಲ ಸೇರಿಸಿ ಎಣಿಸುತ್ತಾರೆ. ಅಲ್ಲಿನ ಅನುವಾದಕರು ಒಂದು ಪುಟ ಅಂದರೆ 1,800 ಅಕ್ಷರ ಅಂತ ಲೆಕ್ಕ ಹಾಕುತ್ತಾರೆ, ಹಾಗಾಗಿ ಸುಮಾರು ಎಂಟು ಪುಟ. ಇದರಲ್ಲಿ ಪಾಸು ಅಥವಾ ಫೇಲು, ಅಷ್ಟೇ, ಅಂಕ ಇಲ್ಲ. ಪಾಸಾದರೆ ಮಾತ್ರ ಎರಡನೇ ಹಂತ, ಅಂದರೆ ಮೌಖಿಕ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಈ ಅನುವಾದದ ಹಂತ ಇರಲೇಬೇಕು. ಒಬ್ಬ ಸಂಶೋಧಕ ಇನ್ನೊಬ್ಬರ ವಾದವನ್ನು ನಿಜವಾಗಿ ಎಷ್ಟು ಅರ್ಥ ಮಾಡಿಕೊಂಡಿದ್ದಾನೆ ಅಂತ ತಿಳಿಯಲು ಇದಕ್ಕಿಂತ ನೇರವಾದ ದಾರಿ ನನಗೆ ಕಂಡಿಲ್ಲ. ಆದರೆ ತಯಾರಿ ನಡೆಯುವ ರೀತಿ ನೋಡಿ ಬೇಜಾರಾಗುತ್ತದೆ. ವಾಕ್ಯ ವಾಕ್ಯ ತಿರುಗಿಸಿ, ಎಂಟು ಪುಟ ತುಂಬಿಸಿ, ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ. ಲೇಖಕ ಏನು ಹೇಳಿದ, ಎಷ್ಟು ಗಟ್ಟಿಯಾಗಿ ಹೇಳಿದ ಅನ್ನುವುದನ್ನು ಯಾರೂ ಕೇಳುವುದಿಲ್ಲ. ಅಲ್ಲಿ ಓದಿದವರು, ಅನುವಾದ ಮಾಡುವವರು ಈ ವೇದಿಕೆಯಲ್ಲಿ ಇದ್ದೀರಿ ಅಂತ ಗೊತ್ತು. ಹೇಗೆ ತಯಾರಿ ಮಾಡಿಸಬೇಕು, ಹೇಳಿ.

ನೆವಾ ತೀರ

ಸರ್, ಒಳ್ಳೆಯ ವಿಷಯ ಎತ್ತಿದ್ದೀರಿ. ನಾನು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಅಸ್ಪಿರಾಂತೂರಾ ಮಾಡಿದವನು. ವಿದೇಶಿಯರಿಗೆ ರಷ್ಯನ್ನನ್ನೇ ವಿದೇಶಿ ಭಾಷೆಯಾಗಿ ತಗೊಳ್ಳಲು ಅವಕಾಶ ಇದೆ, ನಾನು ಅದನ್ನೇ ತಗೊಂಡೆ. ಹಾಸ್ಟೆಲ್‌ನಲ್ಲಿ ನನ್ನ ಜೊತೆಗಿದ್ದವರೆಲ್ಲ ಇಂಗ್ಲಿಷ್. ರಾತ್ರಿಯಿಡೀ ಅಡುಗೆಮನೆಯ ಮೇಜಿನ ಮೇಲೆ ಅವರ ಹಾಳೆ ಹರಡಿರುತ್ತಿದ್ದವು, ನನಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ ಅಂತ ಹಿಡಿದು ಕೂರಿಸುತ್ತಿದ್ದರು.

ಹೊರಗಿನವರಿಗೆ ಗೊತ್ತಿಲ್ಲದ ಒಂದು ಮಾತು ಹೇಳುತ್ತೇನೆ. ಅಲ್ಲಿ ವಿದ್ಯಾರ್ಥಿಗಳ ಬಾಯಲ್ಲಿ ಯಾವಾಗಲೂ 'ತೀಸ್ಯಚಿ' ಅನ್ನುವ ಪದ ಇರುತ್ತದೆ. ಅಂದರೆ ಸಾವಿರಗಳು. "ಈ ವಾರ ಎಷ್ಟು ಸಾವಿರ ಒಪ್ಪಿಸಿದೆ?" ಅಂತ ಕೇಳಿಕೊಳ್ಳುತ್ತಾರೆ. ಓದಬೇಕಾದ ಇಂಗ್ಲಿಷ್ ಪಠ್ಯವನ್ನು ಸಾವಿರ ಅಕ್ಷರಗಳ ಲೆಕ್ಕದಲ್ಲಿ ಒಪ್ಪಿಸುವ ಪದ್ಧತಿ ಅದು. ನೀವು ಹೇಳಿದ ಪಠ್ಯಕ್ರಮದಲ್ಲೇ ಇದೆ ನೋಡಿ, ಇಡೀ ಕೋರ್ಸಿನಲ್ಲಿ ಆರರಿಂದ ಏಳೂವರೆ ಲಕ್ಷ ಅಕ್ಷರ, ಅಂದರೆ 240ರಿಂದ 300 ಪುಟ (ಇಲ್ಲಿ ಪುಟಕ್ಕೆ 2,500 ಅಕ್ಷರದ ಲೆಕ್ಕ) ಓದಿರಬೇಕು. ಪದಸಂಪತ್ತು ಕನಿಷ್ಠ 5,500, ಅದರಲ್ಲಿ ತಮ್ಮ ವಿಷಯದ ಪರಿಭಾಷೆ ಸುಮಾರು 500.

ಒಪ್ಪಿಸುವುದು ಹೇಗೆ ಅಂದರೆ, ಟೀಚರ್ ಎದುರು ಪುಸ್ತಕ ಇಟ್ಟುಕೊಂಡು ಕೂರಬೇಕು. ಅವರು ಯಾವುದೋ ಪುಟ ತೆಗೆದು ಬೆರಳಿಟ್ಟು "ಇಲ್ಲಿಂದ" ಅನ್ನುತ್ತಾರೆ. ಗಟ್ಟಿಯಾಗಿ ಓದಿ, ಅಲ್ಲೇ ರಷ್ಯನ್‌ನಲ್ಲಿ ಹೇಳಬೇಕು. ಪಕ್ಕದಲ್ಲಿ ಪದಗಳ ನೋಟ್‌ಬುಕ್ ಇರಬಹುದು, ಪೂರ್ತಿ ಬರೆದ ಅನುವಾದ ಇರುವ ಹಾಗಿಲ್ಲ. ನನ್ನ ಗೆಳೆಯನೊಬ್ಬ ಪುಸ್ತಕದ ಅಂಚಿನಲ್ಲಿ ಪೆನ್ಸಿಲ್‌ನಿಂದ ಇರುವೆ ಗಾತ್ರದ ಅಕ್ಷರದಲ್ಲಿ ಅರ್ಥ ಬರೆದುಕೊಂಡು ಹೋಗಿದ್ದ. ಟೀಚರ್ ಏನೂ ಮಾತಾಡದೆ ತಮ್ಮ ಬ್ಯಾಗಿನಿಂದ ಅದೇ ಅಧ್ಯಾಯದ ಬೇರೆ ಪ್ರತಿ ತೆಗೆದುಕೊಟ್ಟರು. ಅವತ್ತು ಅವನು ಬೆವರಿದ್ದು ನಿಜ, ಆದರೆ ಆ ಅಧ್ಯಾಯ ಅವನಿಗೆ ಆಮೇಲೆ ಬಾಯಿಪಾಠದಷ್ಟು ಬಂತು.

ಹಾಗಾಗಿ ಯಾರೂ ಕೇಳುವುದಿಲ್ಲ ಅನ್ನುವುದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಕೇಳುವ ಟೀಚರ್‌ಗಳು ಇದ್ದಾರೆ. ಅಂಥವರ ಕೈಗೆ ಸಿಕ್ಕವರು ಚೆನ್ನಾಗಿ ಕಲಿಯುತ್ತಾರೆ.

ಕೋಲಾರದ ಹುಡುಗ

ನನ್ನದು ಸ್ವಲ್ಪ ಬೇರೆ ಮಾತು, ಬೇಸರ ಮಾಡ್ಕೋಬೇಡಿ. ನಾನು ಸಾಫ್ಟ್‌ವೇರ್‌ನವನು. ಈಗ ಎಂಟು ಪುಟ ಅನುವಾದ ಅಂದರೆ ಮಷೀನಿಗೆ ಅರ್ಧ ನಿಮಿಷದ ಕೆಲಸ. ಇಂಗ್ಲಿಷ್‌ನಿಂದ ರಷ್ಯನ್‌ಗಂತೂ ತುಂಬ ಚೆನ್ನಾಗಿಯೇ ಬರುತ್ತದೆ, ಕನ್ನಡದಷ್ಟು ತೊಂದರೆ ಇಲ್ಲ. ಮನೆಯಲ್ಲಿ ಮಾಡಿ ತರುವ ಅನುವಾದವನ್ನು ಪರೀಕ್ಷೆ ಅಂತ ಹೇಗೆ ಕರೆಯುವುದು? ಸಂಶೋಧನೆ ಮಾಡುವವರ ಟೈಮ್ ಬೆಲೆಬಾಳುವಂಥದ್ದು. ಅದರ ಬದಲು ಒಂದು ಲೇಖನವನ್ನು ಇಂಗ್ಲಿಷ್‌ನಲ್ಲಿ ಬರೆಯಲು ಕಲಿಸಿದರೆ ಉಪಯೋಗ ಅಲ್ವಾ?

ಅಕ್ಷರಪ್ರಿಯ, ಹುಬ್ಬಳ್ಳಿ

ಬೇಸರ ಯಾಕೆ, ಈ ಪ್ರಶ್ನೆ ಬರಲೇಬೇಕಿತ್ತು. ನನ್ನ ವಿದ್ಯಾರ್ಥಿಗಳೂ ಇದನ್ನೇ ಕೇಳುತ್ತಾರೆ. ನಾನು ಅವರಿಗೆ ಮಷೀನ್ ಬಳಸಬೇಡಿ ಅಂತ ಹೇಳುವುದಿಲ್ಲ. ಬಳಸಲಿ. ಆಮೇಲೆ ಒಂದು ಪ್ಯಾರಾ ತೆಗೆದು ಪ್ರಶ್ನೆ ಕೇಳುತ್ತೇನೆ.

ಒಂದು ಉದಾಹರಣೆ ಕೊಡುತ್ತೇನೆ. ಸಮಾಜಶಾಸ್ತ್ರದ ಲೇಖನಗಳಲ್ಲಿ 'ಈಸ್ ಅಸೋಸಿಯೇಟೆಡ್ ವಿತ್' ಅಂತ ಹೆಜ್ಜೆಹೆಜ್ಜೆಗೂ ಬರುತ್ತದೆ. ತಾಯಿಯ ಓದಿಗೂ ಮಗುವಿನ ಶಾಲೆಯ ಅಂಕಕ್ಕೂ ಸಂಬಂಧ ಕಾಣುತ್ತದೆ ಅಂತ ಲೇಖಕರು ಬರೆದಿರುತ್ತಾರೆ. ಇದು ಅದಕ್ಕೆ ಕಾರಣ ಅಂತ ಅವರು ಹೇಳಿರುವುದಿಲ್ಲ, ಬೇಕೆಂದೇ ಹೇಳಿರುವುದಿಲ್ಲ, ಯಾಕಂದರೆ ಅವರ ಹತ್ತಿರ ಇರುವ ದತ್ತಾಂಶ ಅಷ್ಟನ್ನು ಹೇಳಲು ಸಾಲದು. ನನ್ನ ವಿದ್ಯಾರ್ಥಿನಿ ಅದನ್ನು ರಷ್ಯನ್‌ನಲ್ಲಿ 'ಇದರಿಂದ ಅದು ಆಗುತ್ತದೆ' ಅನ್ನುವ ಅರ್ಥಕ್ಕೆ ತಿರುಗಿಸಿದ್ದಳು. ವಾಕ್ಯ ನಯವಾಗಿತ್ತು, ವ್ಯಾಕರಣ ಸರಿ ಇತ್ತು. ಆದರೆ ಇಡೀ ಲೇಖನದ ವಾದವೇ ಬದಲಾಗಿಹೋಗಿತ್ತು. 'ಮೇ', 'ಟೆಂಡ್ಸ್ ಟು', 'ಈಸ್ ಲೈಕ್ಲಿ ಟು' ಇವೂ ಹಾಗೆಯೇ. ವಾಕ್ಯ ಉದ್ದವಾಯಿತು ಅಂತ ಬಿಟ್ಟುಬಿಡುತ್ತಾರೆ. ಅಲ್ಲಿಗೆ ಲೇಖಕರು ಅನುಮಾನದಿಂದ ಹೇಳಿದ್ದು ಅನುವಾದದಲ್ಲಿ ಖಚಿತ ಸತ್ಯ ಆಗಿಬಿಡುತ್ತದೆ. ನಾಳೆ ಇದೇ ಹುಡುಗಿ ತನ್ನ ಪ್ರಬಂಧದಲ್ಲಿ ಆ ಲೇಖನವನ್ನು ಆಧಾರವಾಗಿ ಕೊಡುತ್ತಾಳೆ. ತಪ್ಪು ಅಲ್ಲಿಗೂ ಹೋಗುತ್ತದೆ.

ಇನ್ನೊಂದು ನೋಡಿ. ಇಂಗ್ಲಿಷ್‌ನಲ್ಲಿ ಪಾಲಿಟಿಕ್ಸ್ ಬೇರೆ, ಪಾಲಿಸಿ ಬೇರೆ. ರಷ್ಯನ್‌ನಲ್ಲಿ ಎರಡಕ್ಕೂ 'ಪಲೀತಿಕಾ'. ರಾಜ್ಯಶಾಸ್ತ್ರದ ಲೇಖನವೊಂದರಲ್ಲಿ ಒಂದೇ ವಾಕ್ಯದಲ್ಲಿ ಎರಡೂ ಬಂದರೆ ಏನು ಮಾಡುತ್ತೀರಿ? 'ಸರ್ಕಾರದ ಕ್ರಮಗಳು' ಅಂತಲೋ 'ಅಧಿಕಾರದ ಪೈಪೋಟಿ' ಅಂತಲೋ ಬಿಡಿಸಿ ಬರೆಯಬೇಕು. ಎಲ್ಲಿ ಯಾವುದು ಅಂತ ತೀರ್ಮಾನಿಸಲು ವಿಷಯ ಗೊತ್ತಿರಬೇಕು. ಮಷೀನ್ ಎರಡಕ್ಕೂ ಒಂದೇ ಪದ ಹಾಕಿ ಮುಂದೆ ಹೋದರೆ, ಓದುವವನಿಗೆ ಅಲ್ಲಿ ಏನೋ ಕಳೆದುಹೋಗಿದೆ ಅಂತ ಗೊತ್ತೂ ಆಗುವುದಿಲ್ಲ.

ಹಾಗಾಗಿ ಪರೀಕ್ಷೆ ತೆಗೆಯಬೇಕು ಅನ್ನುವುದಕ್ಕಿಂತ, ಅನುವಾದ ಒಪ್ಪಿಸಿದ ಮೇಲೆ ಹತ್ತು ನಿಮಿಷ ಅದರ ಮೇಲೆ ಪ್ರಶ್ನೆ ಕೇಳಬೇಕು ಅನ್ನುವುದು ನನ್ನ ಮಾತು. ಈ ಪದ ಯಾಕೆ ಹಾಕಿದೆ, ಲೇಖಕರಿಗೆ ಈ ಮಾತಿನ ಮೇಲೆ ಎಷ್ಟು ಭರವಸೆ ಇದೆ, ಈ 'ದಿಸ್' ಹಿಂದಿನ ಯಾವ ಮಾತನ್ನು ತೋರಿಸುತ್ತದೆ. ಮಷೀನಿನಿಂದ ಮಾಡಿದ್ದರೂ ಸರಿ, ಉತ್ತರ ಗೊತ್ತಿದ್ದರೆ ಪಾಸ್ ಮಾಡಲಿ.

ಗ್ರಂಥಪಾಲಕಿ

ಈ ಚರ್ಚೆಗೆ ಹಳೆಯ ಕಥೆ ಒಂದು ಸೇರಿಸುತ್ತೇನೆ, ಗ್ರಂಥಾಲಯದವಳಾಗಿ ನನಗೆ ಇದು ಮನಸ್ಸಿಗೆ ಹತ್ತಿರದ್ದು.

ಸೋವಿಯತ್ ಕಾಲದಲ್ಲಿ ಪಶ್ಚಿಮದ ಸಮಾಜವಿಜ್ಞಾನದ ಪುಸ್ತಕಗಳು ಎಲ್ಲರ ಕೈಗೆ ಸಿಗುತ್ತಿರಲಿಲ್ಲ. ದೊಡ್ಡ ಗ್ರಂಥಾಲಯಗಳಲ್ಲಿ 'ಸ್ಪೆಟ್ಸ್‌ಖ್ರಾನ್' ಅಂತ ವಿಶೇಷ ಸಂಗ್ರಹ ಇರುತ್ತಿತ್ತು, ಅನುಮತಿ ಇದ್ದವರಿಗೆ ಮಾತ್ರ ಬಾಗಿಲು. 1969ರಲ್ಲಿ ಮಾಸ್ಕೋದಲ್ಲಿ ಇನಿಯೋನ್ ಅನ್ನುವ ಸಂಸ್ಥೆ ಶುರುವಾಯಿತು. ಸಮಾಜವಿಜ್ಞಾನದ ಮಾಹಿತಿಗೆ ಅಂತಲೇ ವಿಜ್ಞಾನ ಅಕಾಡೆಮಿಯ ಅಡಿಯಲ್ಲಿ ಮಾಡಿದ್ದು. ಅಲ್ಲಿ ಭಾಷೆ ಬಲ್ಲವರು ಕೂತು ವಿದೇಶಿ ಪುಸ್ತಕ, ಲೇಖನ ಓದಿ ರಷ್ಯನ್‌ನಲ್ಲಿ ಸಾರಾಂಶ ಬರೆಯುತ್ತಿದ್ದರು. ಅವುಗಳಲ್ಲಿ ಕೆಲವಕ್ಕೆ 'ಕಚೇರಿ ಬಳಕೆಗೆ ಮಾತ್ರ' ಅಂತ ಮುದ್ರೆ ಬೀಳುತ್ತಿತ್ತು. ದೇಶದ ಎಷ್ಟೋ ಸಮಾಜಶಾಸ್ತ್ರಜ್ಞರು, ತತ್ವಶಾಸ್ತ್ರದವರು ಹೊರಗಿನ ಚಿಂತನೆ ತಿಳಿದದ್ದು ಆ ಸಾರಾಂಶಗಳಿಂದಲೇ.

ಯೋಚನೆ ಮಾಡಿ, ಸಾರಾಂಶ ಬರೆದವರು ಒಂದು 'ಬಹುಶಃ' ಬಿಟ್ಟಿದ್ದರೆ ಅದನ್ನು ಹೋಲಿಸಿ ನೋಡಲು ಓದುಗರ ಹತ್ತಿರ ಮೂಲವೇ ಇಲ್ಲ. ಅಂಥ ಹೊತ್ತಿನಲ್ಲಿ ಅನುವಾದಕರ ಜವಾಬ್ದಾರಿ ಎಷ್ಟು ದೊಡ್ಡದು! ಪ್ರತಿ ಸಂಶೋಧಕನೂ ಒಂದು ವಿದೇಶಿ ಭಾಷೆಯನ್ನಾದರೂ ತಾನೇ ಓದಬೇಕು ಅನ್ನುವ ನಿಯಮಕ್ಕೆ ಆ ದೇಶದಲ್ಲಿ ಇರುವ ತೂಕ ನನಗೆ ಅರ್ಥವಾಗುವುದು ಈ ಕಾರಣಕ್ಕೆ.

2015ರ ಜನವರಿ 30ರಂದು ಇನಿಯೋನ್ ಗ್ರಂಥಾಲಯಕ್ಕೆ ಬೆಂಕಿ ಬಿತ್ತು. ಛಾವಣಿ ಕುಸಿಯಿತು. ಲಕ್ಷಗಟ್ಟಲೆ ಪುಸ್ತಕ ಹಾಳಾದವು, ಬೆಂಕಿಯಿಂದ ಮಾತ್ರ ಅಲ್ಲ, ಆರಿಸಲು ಹಾಕಿದ ನೀರಿನಿಂದಲೂ. ಆ ಸುದ್ದಿ ಓದಿದ ದಿನ ನನಗೆ ಊಟ ಸೇರಲಿಲ್ಲ.

ನಮ್ಮಲ್ಲೂ ಸಮಾಜವಿಜ್ಞಾನ ಸಂಶೋಧನೆಯ ರಾಷ್ಟ್ರೀಯ ಮಂಡಳಿ, ಅಂದರೆ ಐಸಿಎಸ್‌ಎಸ್‌ಆರ್, ಶುರುವಾಗಿದ್ದು ಅದೇ 1969ರಲ್ಲಿ. ಆದರೆ ಹೊರಗಿನ ಕೃತಿಗಳನ್ನು ನಮ್ಮ ನಮ್ಮ ಭಾಷೆಗೆ ತರುವ ಕೆಲಸ ಆ ಪ್ರಮಾಣದಲ್ಲಿ ನಡೆಯಲಿಲ್ಲ. ಎಲ್ಲರೂ ಇಂಗ್ಲಿಷ್ ಓದುತ್ತಾರೆ ಬಿಡಿ ಅಂತ ಅಂದುಕೊಂಡೆವು.

ತುಂಗಾ ನೀರು

ಗ್ರಂಥಪಾಲಕಿ ಮೇಡಂ, ಬರೆದದ್ದಕ್ಕೆ ಥ್ಯಾಂಕ್ಸ್. ಅದೇ ಮಾಸ್ಕೋದಿಂದ ನಮಗೆ ಕನ್ನಡದಲ್ಲೇ ಪುಸ್ತಕ ಬರುತ್ತಿದ್ದವಲ್ಲ, ಪ್ರಗತಿ ಪ್ರಕಾಶನದ್ದು, ರಾದುಗದ್ದು. ನವಕರ್ನಾಟಕದ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತಿದ್ದವು. ನಮ್ಮ ಮನೆಯಲ್ಲಿ ಈಗಲೂ ಒಂದಿಷ್ಟು ಇವೆ.

ನಾನು ಅಮೆರಿಕದಲ್ಲಿ ಚರಿತ್ರೆಯಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಇಲ್ಲೂ ಚರಿತ್ರೆ ವಿಭಾಗಗಳಲ್ಲಿ ಭಾಷಾ ಪರೀಕ್ಷೆ ಸಾಮಾನ್ಯ. ನನಗೆ ಜರ್ಮನ್ ಇತ್ತು. ಒಂದೆರಡು ಪುಟ ಕೊಟ್ಟು, ನಿಘಂಟು ಇಟ್ಟುಕೊಳ್ಳಿ ಅಂತ ಹೇಳಿ, ಕೋಣೆಯಲ್ಲೇ ಕೂರಿಸಿ ಬರೆಸುತ್ತಾರೆ. ಮನೆಗೆ ಒಯ್ಯುವ ಹಾಗಿಲ್ಲ. ಮಾತಾಡಲು ಬರಬೇಕಾಗಿಲ್ಲ, ಓದಿ ತಿಳಿದರೆ ಸಾಕು. ಎರಡಕ್ಕೂ ಹೋಲಿಸಿದರೆ ರಷ್ಯಾದ್ದೇ ಕಷ್ಟ ಅನ್ನಿಸುತ್ತದೆ, ಯಾಕಂದರೆ ಬರಹ ಉದ್ದ ಮತ್ತು ಆಮೇಲೆ ಮೌಖಿಕ ಬೇರೆ ಇದೆ. ಆ ಮೌಖಿಕದಲ್ಲಿ ಏನಿರುತ್ತದೆ, ನೆವಾ ತೀರ ಅಣ್ಣ, ಸ್ವಲ್ಪ ಬಿಡಿಸಿ ಹೇಳುತ್ತೀರಾ?

ನೆವಾ ತೀರ

ಹೇಳುತ್ತೇನೆ. ಮಾದರಿ ಪಠ್ಯಕ್ರಮದಲ್ಲಿ ಮೂರು ಭಾಗ ಇದೆ. ಮೊದಲನೆಯದು ನಿಧಾನದ ಓದು, 2,500ರಿಂದ 3,000 ಅಕ್ಷರದ ಪಠ್ಯ, 45ರಿಂದ 60 ನಿಮಿಷ. ಎರಡನೆಯದು ಕಣ್ಣಾಡಿಸುವ ಓದು, 1,000ದಿಂದ 1,500 ಅಕ್ಷರ, ಎರಡು ಮೂರು ನಿಮಿಷ ಅಷ್ಟೇ. ಮೂರನೆಯದು ತಮ್ಮ ವಿಷಯ, ತಮ್ಮ ಸಂಶೋಧನೆ ಬಗ್ಗೆ ಇಂಗ್ಲಿಷ್‌ನಲ್ಲಿ ಮಾತುಕತೆ.

ಇಲ್ಲಿ ಸಮಾಜವಿಜ್ಞಾನದವರು ಗಮನಿಸಬೇಕಾದ್ದು ಒಂದಿದೆ. ಭೌತಶಾಸ್ತ್ರ, ರಸಾಯನಶಾಸ್ತ್ರದಂಥ ವಿಷಯದವರು ಓದಿದ್ದನ್ನು ರಷ್ಯನ್‌ನಲ್ಲಿ ಹೇಳಿದರೆ ನಡೆಯುತ್ತದೆ. ಮಾನವಿಕ ವಿಷಯಗಳವರು, ಸಮಾಜವಿಜ್ಞಾನದವರೂ ಸೇರಿ, ಓದಿದ್ದನ್ನು ಇಂಗ್ಲಿಷ್‌ನಲ್ಲೇ ಹೇಳಬೇಕು. ಅಂದರೆ ಮನೆಯಲ್ಲಿ ಇಂಗ್ಲಿಷ್‌ನಿಂದ ರಷ್ಯನ್‌ಗೆ ಅನುವಾದ, ಪರೀಕ್ಷೆಯ ಕೋಣೆಯಲ್ಲಿ ಇಂಗ್ಲಿಷ್‌ನಿಂದ ಇಂಗ್ಲಿಷ್‌ಗೆ. ಕೆಲವು ವಿಭಾಗಗಳು ಇಲ್ಲೂ ನಿಘಂಟು ಕೊಟ್ಟು ಲಿಖಿತ ಅನುವಾದ ಬರೆಸುತ್ತವೆ. ಹಾಗಾಗಿ ಅವರವರ ವಿಶ್ವವಿದ್ಯಾಲಯದ ಕ್ರಮವನ್ನು ಮೊದಲೇ ವಿಚಾರಿಸಿಕೊಳ್ಳಬೇಕು.

ಪರೀಕ್ಷಕರ ಮಂಡಳಿಯ ಬಗ್ಗೆಯೂ ಹೇಳಬೇಕು. 2014ರ ನಿಯಮದ ಪ್ರಕಾರ ಭಾಷೆ ಬಲ್ಲ ಕನಿಷ್ಠ ಇಬ್ಬರು ಇರಬೇಕು, ಜೊತೆಗೆ ವಿದ್ಯಾರ್ಥಿಯ ವಿಷಯದಲ್ಲಿ ಪದವಿ ಪಡೆದು ಆ ಭಾಷೆಯೂ ಬರುವ ಒಬ್ಬ ತಜ್ಞರು ಇರಬೇಕು. ಈ ಮೂರನೆಯವರು ಬಾಯಿ ಬಿಟ್ಟರೆ ಪರೀಕ್ಷೆಯ ರಂಗೇ ಬೇರೆ. ವ್ಯಾಕರಣ ಬಿಟ್ಟು "ನಿಮ್ಮ ಅಧ್ಯಯನದ ಸ್ಯಾಂಪಲ್ ಹೇಗೆ ಆರಿಸಿದಿರಿ?" "ಈ ಲೇಖಕರನ್ನು ನೀವು ಒಪ್ಪುತ್ತೀರಾ?" ಅಂತ ಕೇಳುತ್ತಾರೆ. ಉರುಹೊಡೆದು ಬಂದ "ಮೈ ನೇಮ್ ಈಸ್, ಮೈ ಸೂಪರ್‌ವೈಸರ್ ಈಸ್" ಅಲ್ಲಿಗೆ ಮುಗಿದುಹೋಗುತ್ತದೆ.

ಅಕ್ಷರಪ್ರಿಯ, ಹುಬ್ಬಳ್ಳಿ

ಆ ಮೂರನೆಯವರು ಅನುವಾದವನ್ನೂ ಓದಬೇಕು, ಅದೇ ನನ್ನ ಆಸೆ. ಬಹಳ ಕಡೆ ಅನುವಾದವನ್ನು ಭಾಷೆಯ ಟೀಚರ್ ಒಬ್ಬರೇ ನೋಡುತ್ತಾರೆ. ಅವರು ಗೆರಂಡ್, ಪಾರ್ಟಿಸಿಪಲ್, 'ಈಸ್ ನೋನ್ ಟು ಹ್ಯಾವ್' ಇಂಥ ರಚನೆ ಸರಿಯಾಗಿ ಬಿಡಿಸಿದ್ದಾರಾ ಅಂತ ನೋಡುತ್ತಾರೆ. ಅದೂ ಬೇಕು, ಬೇಡ ಅನ್ನುತ್ತಿಲ್ಲ. ಆದರೆ 'ಏಜೆನ್ಸಿ' ಅನ್ನುವ ಪದ ಸಮಾಜಶಾಸ್ತ್ರದಲ್ಲಿ ಬಂದಾಗ ಅದು ಯಾವುದೋ ಏಜೆನ್ಸಿ ಕಚೇರಿ ಅಲ್ಲ, ಮನುಷ್ಯ ತಾನಾಗಿ ಏನಾದರೂ ಮಾಡಬಲ್ಲ ಶಕ್ತಿ ಅಂತ ಹಿಡಿಯಲು ವಿಷಯದವರೇ ಬೇಕು.

ಸಾಲುಮರ

ನಾನು ಇಂಗ್ಲಿಷ್‌ನಿಂದ ಕನ್ನಡಕ್ಕೆ ಸಮಾಜವಿಜ್ಞಾನದ ಬರಹ ಅನುವಾದ ಮಾಡುವವಳು. ರಷ್ಯನ್ ಅಲ್ಪಸ್ವಲ್ಪ ಕಲಿತಿದ್ದೇನೆ. ಅಕ್ಷರಪ್ರಿಯ ಸರ್, ನಿಮ್ಮ ವಿದ್ಯಾರ್ಥಿಗಳಿಗೆ ಉಪಯೋಗ ಆಗಬಹುದಾದ ಒಂದು ಸಂಗತಿ ಹೇಳುತ್ತೇನೆ.

ಇಂಗ್ಲಿಷ್‌ನಲ್ಲಿ ನಾಮಪದಗಳನ್ನು ರೈಲು ಡಬ್ಬಿಗಳ ಹಾಗೆ ಒಂದಕ್ಕೊಂದು ಜೋಡಿಸಿಬಿಡುತ್ತಾರಲ್ಲ, ಅಲ್ಲೇ ರಷ್ಯನ್ನರು ಎಡವುತ್ತಾರೆ. 'ಚೈಲ್ಡ್ ಕೇರ್ ಸಬ್ಸಿಡಿ ಎಲಿಜಿಬಿಲಿಟಿ ರೂಲ್ಸ್' ತಗೊಳ್ಳಿ. ಕನ್ನಡದಲ್ಲಿ 'ಮಕ್ಕಳ ಪಾಲನೆಯ ಸಹಾಯಧನದ ಅರ್ಹತೆಯ ನಿಯಮಗಳು'. ನೋಡಿ, ಅದೇ ಕ್ರಮ, ಒಂದು ಪದವೂ ಜಾಗ ಬದಲಿಸಿಲ್ಲ. ನಮಗೆ ವಿಶೇಷಣ ಎಲ್ಲ ಮುಂದೆ, ಮುಖ್ಯ ಪದ ಕೊನೆಗೆ. ರಷ್ಯನ್‌ನಲ್ಲಿ ಮುಖ್ಯ ಪದದಿಂದ ಶುರು ಮಾಡಿ ಹಿಂದಕ್ಕೆ ಹೋಗಬೇಕು: ನಿಯಮಗಳು, ಯಾವುದರ ಅರ್ಹತೆಗೆ, ಸಹಾಯಧನದ್ದು, ಯಾತಕ್ಕೆ, ಪಾಲನೆಗೆ, ಯಾರ, ಮಕ್ಕಳ. ಅದಕ್ಕೇ ಹೊಸಬರು ಮೊದಲ ಪದವನ್ನೇ ಮುಖ್ಯ ಅಂದುಕೊಂಡು ದಾರಿ ತಪ್ಪುತ್ತಾರೆ. ಕೊನೆಯ ಪದ ಹುಡುಕಿ, ಅಲ್ಲಿಂದ ಎಡಕ್ಕೆ ಒಂದೊಂದೇ ಪ್ರಶ್ನೆ ಕೇಳುತ್ತ ಬನ್ನಿ ಅಂತ ಹೇಳಿಕೊಟ್ಟರೆ ಸಾಕು.

ಇನ್ನೊಂದು, 'ದಿ' ಮತ್ತು 'ಎ' ವಿಷಯ. ರಷ್ಯನ್‌ನಲ್ಲೂ ಅವು ಇಲ್ಲ, ಕನ್ನಡದಲ್ಲೂ ಇಲ್ಲ. ನಾವು 'ಆ', 'ಒಂದು', 'ಒಬ್ಬ' ಅಂತ ಹೇಗೋ ತೋರಿಸುತ್ತೇವೆ, ಅವರು ಪದಗಳ ಕ್ರಮದಲ್ಲಿ ತೋರಿಸುತ್ತಾರೆ. ಗೊತ್ತಿರುವ ಸಂಗತಿ ವಾಕ್ಯದ ಮೊದಲಿಗೆ, ಹೊಸದು ಕೊನೆಗೆ. ಇಂಗ್ಲಿಷ್‌ನ ಕ್ರಮವನ್ನೇ ಹಿಡಿದು ಕೂತರೆ ಯಾವುದು ಹೊಸ ಮಾತು ಅಂತ ಓದುಗನಿಗೆ ತಿಳಿಯುವುದಿಲ್ಲ.

ಕೊನೆಗೆ ನಮ್ಮ ಕಡೆಯ ಮಾತು. ಯುಜಿಸಿಯ 2022ರ ನಿಯಮದಲ್ಲಿ ಪಿಎಚ್‌ಡಿಗೆ ಕನಿಷ್ಠ 12 ಕ್ರೆಡಿಟ್‌ಗಳ ಕೋರ್ಸ್‌ವರ್ಕ್ ಇದೆ. ಅನುವಾದ ಪರೀಕ್ಷೆ ಕಡ್ಡಾಯ ಅಂತ ಅದರಲ್ಲಿ ಎಲ್ಲೂ ಇಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಎಷ್ಟೋ ಹುಡುಗರು ಸಮಾಜಶಾಸ್ತ್ರದ ಪಿಎಚ್‌ಡಿಗೆ ಸೇರುತ್ತಾರೆ. ಇಂಗ್ಲಿಷ್ ಲೇಖನದ ಸಾಲುಗಳನ್ನು ಎತ್ತಿ ಪ್ರಬಂಧಕ್ಕೆ ಅಂಟಿಸುತ್ತಾರೆ. ಅರ್ಥ ಆಗಿದೆಯೋ ಇಲ್ಲವೋ ಯಾರಿಗೂ ಗೊತ್ತಾಗುವುದಿಲ್ಲ. ಎಂಟು ಪುಟವನ್ನು ಕನ್ನಡಕ್ಕೆ ತಂದು ಗೈಡ್ ಮುಂದೆ ಕೂತು ವಿವರಿಸಬೇಕು ಅಂತ ನಿಯಮ ಬಂದರೆ ಎಷ್ಟು ಒಳ್ಳೆಯದಾಗುತ್ತದೆ! ಆ ಹುಡುಗರಿಗೆ ಅದು ಹೊರೆ ಅಲ್ಲ. ತಮ್ಮ ಭಾಷೆಯಲ್ಲಿ ಯೋಚಿಸಲು ಸಿಗುವ ಮೊದಲ ಅವಕಾಶ ಅದೇ ಆಗಬಹುದು.

ಕೋಲಾರದ ಹುಡುಗ

ಮೇಡಂ, ಈ ಮಾತು ನನಗೆ ನಾಟಿತು. ನಾನೂ ಹತ್ತನೇ ಕ್ಲಾಸಿನವರೆಗೆ ಕನ್ನಡ ಮಾಧ್ಯಮ. ಆದರೆ ಇದನ್ನು ಎಲ್ಲರ ಮೇಲೂ ಕಡ್ಡಾಯ ಮಾಡಿದರೆ ಬೇರೆ ರಾಜ್ಯದಿಂದ ಬಂದು ಇಲ್ಲಿ ಓದುವವರು ಏನು ಮಾಡಬೇಕು?

ಸಾಲುಮರ

ಅವರವರ ಭಾಷೆಗೆ ಮಾಡಲಿ. ತಮಿಳರು ತಮಿಳಿಗೆ, ಕೊಂಕಣಿಯವರು ಕೊಂಕಣಿಗೆ. ಓದಿ ಪ್ರಶ್ನೆ ಕೇಳುವವರು ಒಬ್ಬರು ಸಿಕ್ಕರೆ ಆಯ್ತು. ಹಂಪಿ ಕನ್ನಡ ವಿಶ್ವವಿದ್ಯಾಲಯದಂಥ ಕಡೆ ಮೊದಲು ಶುರು ಮಾಡಬಹುದು, ಅಲ್ಲಿ ಸಂಶೋಧನೆ ಹೇಗೂ ಕನ್ನಡದಲ್ಲೇ ನಡೆಯುತ್ತದೆ.

ಹೊಸ ಸದಸ್ಯ

ಒಂದು ಸಂದೇಹ. 2022ರ ನಂತರ ರಷ್ಯಾದವರಿಗೆ ಇಂಗ್ಲಿಷ್ ಅಷ್ಟೊಂದು ಬೇಕಾ? ಪಶ್ಚಿಮದ ಜೊತೆ ಸಂಬಂಧವೇ ಕಡಿಮೆ ಆಗಿದೆಯಲ್ಲ.

ನೆವಾ ತೀರ

ಪರೀಕ್ಷೆಯಂತೂ ಇದೆ, ಅದು ಹೋಗಿಲ್ಲ. ಒತ್ತಡದ ಬಗ್ಗೆ ಹೇಳುವುದಾದರೆ, 2012ರ ಮೇ ತಿಂಗಳಲ್ಲಿ ಅಧ್ಯಕ್ಷರ ಆದೇಶವೊಂದು ಬಂದಿತ್ತು. ವೆಬ್ ಆಫ್ ಸೈನ್ಸ್ ಅನ್ನುವ ಅಂತರರಾಷ್ಟ್ರೀಯ ಸಂಶೋಧನಾ ಲೇಖನಗಳ ಸೂಚಿಯಲ್ಲಿ ರಷ್ಯಾದ ಲೇಖನಗಳ ಪಾಲು 2015ರ ಹೊತ್ತಿಗೆ ಶೇ. 2.44 ಆಗಬೇಕು ಅಂತ. ಆಗಿನಿಂದ ಎಲ್ಲರೂ ಇಂಗ್ಲಿಷ್‌ನಲ್ಲಿ ಬರೆಯಲು ಓಡಾಡಿದರು. 2022ರಲ್ಲಿ ಆ ಲೆಕ್ಕಾಚಾರವನ್ನು ಸರ್ಕಾರವೇ ತಡೆಹಿಡಿಯಿತು, ವೆಬ್ ಆಫ್ ಸೈನ್ಸ್ ನಡೆಸುವ ಕಂಪನಿ ರಷ್ಯಾದಿಂದ ಹೊರಬಂತು. ಬರೆಯುವ ಒತ್ತಡ ಇಳಿಯಿತು. ಆದರೆ ಓದುವುದು ಹೇಗೆ ನಿಲ್ಲುತ್ತದೆ? ಭಾರತ, ಬ್ರೆಜಿಲ್, ದಕ್ಷಿಣ ಆಫ್ರಿಕಾದ ಸಮಾಜವಿಜ್ಞಾನಿಗಳ ಬರಹವೂ ಅವರಿಗೆ ಸಿಗುವುದು ಬಹುಮಟ್ಟಿಗೆ ಇಂಗ್ಲಿಷ್‌ನಲ್ಲೇ.

ಅಕ್ಷರಪ್ರಿಯ, ಹುಬ್ಬಳ್ಳಿ

ಇದೇ ಮಾತಿಗೆ ಸೇರಿಸಿ ಒಂದು ಪ್ರಶ್ನೆ. ನನ್ನ ಅರ್ಥಶಾಸ್ತ್ರದ ವಿದ್ಯಾರ್ಥಿ ಕರ್ನಾಟಕದ ಗ್ರಾಮ ಪಂಚಾಯಿತಿಗಳ ಬಗ್ಗೆ ಭಾರತೀಯರೊಬ್ಬರು ಇಂಗ್ಲಿಷ್‌ನಲ್ಲಿ ಬರೆದ ಲೇಖನವನ್ನೇ ಅನುವಾದಕ್ಕೆ ತಗೊಳ್ಳಬೇಕು ಅಂತಿದ್ದಾನೆ. ನನಗೆ ತುಂಬಾ ಖುಷಿ. ವಿಭಾಗದವರು ಒಪ್ಪುತ್ತಾರಾ?

ನೆವಾ ತೀರ

ಅಲ್ಲೇ ತೊಂದರೆ ಬರಬಹುದು ಸರ್. ಇಂಗ್ಲಿಷ್ ಮಾತೃಭಾಷೆಯಾಗಿರುವ ಲೇಖಕರೇ ಆಗಬೇಕು, ಇಂಗ್ಲಿಷ್ ಮಾತಾಡುವ ದೇಶದಲ್ಲೇ ಪ್ರಕಟವಾಗಿರಬೇಕು, ಇತ್ತೀಚಿನದಾಗಿರಬೇಕು, ಮೊದಲೇ ರಷ್ಯನ್‌ಗೆ ಬಂದಿರಬಾರದು ಅಂತ ಬಹಳ ವಿಭಾಗಗಳು ಷರತ್ತು ಹಾಕುತ್ತವೆ. ಭಾರತದ ಲೇಖಕರನ್ನು ಕೆಲವರು ಒಪ್ಪುತ್ತಾರೆ, ಕೆಲವರು ಸುಮ್ನೆ ತಿರಸ್ಕರಿಸುತ್ತಾರೆ. ಇದು ಸರಿಯಲ್ಲ ಅಂತ ನನ್ನ ಅಭಿಪ್ರಾಯ. ಪಂಚಾಯಿತಿ ಬಗ್ಗೆ ಇಲ್ಲಿನವರಿಗಿಂತ ಚೆನ್ನಾಗಿ ಬರೆಯುವವರು ಯಾರು? ಆದರೆ ವಿದ್ಯಾರ್ಥಿ ಒಬ್ಬನೇ ಹೋಗಿ ವಾದ ಮಾಡಿದರೆ ಕೆಲಸ ಕೆಡುತ್ತದೆ. ಗೈಡ್ ಹತ್ತಿರ ಒಂದು ಸಾಲು ಬರೆಸಿಕೊಂಡು, ಈ ಲೇಖನ ಪ್ರಬಂಧಕ್ಕೆ ಯಾಕೆ ಬೇಕು ಅಂತ ತೋರಿಸಿ, ಮೊದಲು ಒಪ್ಪಿಗೆ ಪಡೆಯಲಿ. ಆಮೇಲೆ ಅನುವಾದ ಶುರು ಮಾಡಲಿ. 15,000 ಅಕ್ಷರ ಮುಗಿಸಿದ ಮೇಲೆ ಪಠ್ಯವೇ ಬೇಡ ಅಂದರೆ ಹುಡುಗ ಕುಗ್ಗಿಹೋಗುತ್ತಾನೆ.

ಸಾಲುಮರ

ಒಪ್ಪಿಗೆ ಸಿಕ್ಕರೆ 'ಗ್ರಾಮಸಭೆ', 'ಮೀಸಲಾತಿ' ಇಂಥ ಪದಗಳಿಗೆ ಅವನು ರಷ್ಯನ್‌ನಲ್ಲಿ ಅಡಿಟಿಪ್ಪಣಿ ಬರೆಯಲಿ. ಮೀಸಲಾತಿಗೆ ಬರೀ 'ಕೋಟಾ' ಅಂತ ಹಾಕಿದರೆ ಮಹಿಳೆಯರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಸೀಟು ಹೇಗೆ ಹಂಚುತ್ತಾರೆ ಅನ್ನುವುದು ಅಲ್ಲಿನ ಓದುಗರಿಗೆ ತಿಳಿಯುವುದಿಲ್ಲ. ಪಟ್ಟಿ ಮಾಡಿ ಕಳಿಸಿದರೆ ನಾನು ನೋಡಿಕೊಡುತ್ತೇನೆ.

ಅಕ್ಷರಪ್ರಿಯ, ಹುಬ್ಬಳ್ಳಿ

ಖಂಡಿತ ಮೇಡಂ. ನಾಳೆ ಅವನ ಪಾಠ ಇದೆ, ಮೊದಲು ಗೈಡ್‌ಗೆ ಪತ್ರ ಬರೆಸುತ್ತೇನೆ. ಪದಗಳ ಪಟ್ಟಿ ವಾರಾಂತ್ಯದೊಳಗೆ ಇಲ್ಲೇ ಹಾಕುತ್ತೇನೆ, ಪಂಚಾಯಿತಿ ವಿಷಯ ಬಲ್ಲವರು ಬೇರೆ ಯಾರಾದರೂ ಇದ್ದರೆ ನೀವೂ ನೋಡಿ ಹೇಳಿ.